ಅಬು ಸಲ್ಜ್ ಕೆಳಗಿಟ್ಟ ಬಟ್ಟಲು

ಮಿಫ್ಲಿಹ್‌ನನ್ನು ಹೆಸರು ಹಿಡಿದು ಕರೆಯುವವರು ಈಗ ಅವನ ಹೆಂಡತಿ ಮತ್ತು ನಾನು, ಇಬ್ಬರೇ. ಉಳಿದವರಿಗೆಲ್ಲ ಅವನು ಅಬು ಸಲ್ಜ್, ಮಂಜುಗಡ್ಡೆಯ ಅಪ್ಪ. ಇಪ್ಪತ್ತು ವರ್ಷ ಸೈನ್ಯದ ಆಸ್ಪತ್ರೆಯಲ್ಲಿ ರಕ್ತ ಎಳೆಯುವ ಕೆಲಸ ಮಾಡಿ, ನಿವೃತ್ತನಾಗಿ, ರಾಜಧಾನಿ ಅಮ್ಮಾನಿನ ನಮ್ಮ ಪ್ರಯೋಗಾಲಯದ ವ್ಯಾನ್ ಓಡಿಸಲು ಬಂದವನು. ದಕ್ಷಿಣದ ಮರುಭೂಮಿಯ ಮನೆಗಳಿಗೆ ಹೋಗಿ ರಕ್ತ ತೆಗೆಯುವುದು, ನೀಲಿ ಪೆಟ್ಟಿಗೆಯ ಮಂಜುಗಡ್ಡೆಯಲ್ಲಿಟ್ಟು ತಂದು ನನ್ನ ಮೇಜಿಗೆ ಮುಟ್ಟಿಸುವುದು, ಇಷ್ಟೇ ಅವನ ಬದುಕು. ಮಂಡಿ ನೋವು, ಸಕ್ಕರೆ ಕಾಯಿಲೆ, ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ. ವ್ಯಾನಿನಿಂದ ಇಳಿಯುವಾಗ ಒಂದು ಕಾಲು ನೆಲಕ್ಕಿಟ್ಟು, ಇನ್ನೊಂದು ಕಾಲಿಗೆ ಮನಸ್ಸು ಬರುವ ತನಕ ಹಾಗೇ ಕೂತಿರುತ್ತಾನೆ.

ನಾನು ನುಹಾದ್, ಅವನು ತಂದದ್ದನ್ನು ಯಂತ್ರಕ್ಕೆ ಹಾಕಿ ಓದುವವಳು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಓದುವುದು ಏನನ್ನು ಅಂತ ನಾನು ಹೇಳಹೊರಟರೆ ಜನ ಆಕಳಿಸುತ್ತಾರೆ. ಮಿಫ್ಲಿಹ್ ಹೇಳಿದರೆ ರಕ್ತ ಕೊಡುವ ಮನೆಯ ಹೆಂಗಸರೂ ಕೂತು ಕೇಳುತ್ತಾರೆ.

"ನೋಡವ್ವ, ಡಿಎನ್‌ಎ ಅನ್ನೋದು ಬೀರುವಿನಲ್ಲಿಟ್ಟ ಅಡಿಗೆ ಪುಸ್ತಕ. ಅದನ್ನ ಹೊರಗೆ ತರೋ ಹಾಗಿಲ್ಲ. ಅಡಿಗೆಯವನು ಅವತ್ತಿಗೆ ಬೇಕಾದ್ದಷ್ಟನ್ನ ಚೀಟೀಲಿ ಬರ್ಕೊಂಡು ಬರ್ತಾನೆ. ಆ ಚೀಟೀನೇ ಆರ್‌ಎನ್‌ಎ. ಪುಸ್ತಕ ನೆಟ್ಟಗೇ ಕಂಡ್ರೂ ಚೀಟಿ ತಪ್ಪಿದ್ರೆ ಊಟ ಕೆಡ್ತದೆ."

"ಹಂಗಾದ್ರೆ ಚೀಟೀನೇ ಓದಿ, ಪುಸ್ತಕ ಯಾಕೆ?"

"ಅದಕ್ಕೇ ತಾಯಿ ಈ ಓಟ. ಪುಸ್ತಕ ಸತ್ತವರ ಮೂಳೇಲೂ ಸಿಗ್ತದೆ. ಚೀಟಿ ಹಂಗಲ್ಲ, ಬಿಸಿ ರೊಟ್ಟಿ ಬಾಳೋಷ್ಟು ಹೊತ್ತೂ ಬಾಳಲ್ಲ."

ಇದಕ್ಕಿಂತ ಚೆನ್ನಾಗಿ ನಮ್ಮ ನಿರ್ದೇಶಕರೂ ಹೇಳಲಾರರು. ರಕ್ತದಲ್ಲಿರುವ ಲಕ್ಷಗಟ್ಟಲೆ ಚೀಟಿಗಳನ್ನು ಯಂತ್ರ ಒಂದೇ ಸಲಕ್ಕೆ ಓದಿ, ಯಾವುದು ಎಷ್ಟಿದೆ, ಯಾವುದರಲ್ಲಿ ಸಾಲು ತಪ್ಪಿದೆ ಅಂತ ಹೇಳುತ್ತದೆ. ಆದರೆ ಚೀಟಿ ಹರಿಯದೆ ಬರಬೇಕು. ಹರಿದಿದೆಯೋ ಇಲ್ಲವೋ ಅನ್ನುವುದಕ್ಕೆ ಹತ್ತರಲ್ಲಿ ಅಂಕ ಕೊಡುತ್ತೇವೆ. ಏಳರ ಕೆಳಗೆ ಬಂದರೆ ಚರಂಡಿಗೆ. ರಕ್ತವನ್ನು ಇದ್ದ ಹಾಗೇ ಹಿಡಿದಿಡುವ ದ್ರಾವಣದ ಕೊಳವೆಗಳೂ ಇವೆ, ಆದರೆ ಆ ವರ್ಷ ನಮಗೆ ಅವು ಬಂದಿರಲಿಲ್ಲ. ಸಾದಾ ಕೊಳವೆ, ಮಂಜುಗಡ್ಡೆ, ನಾಲ್ಕು ಗಂಟೆಯ ಗಡುವು. ಮರುಭೂಮಿಯ ಊರಾದ ಜಫ್ರ್‌ನಿಂದ ಅಮ್ಮಾನಿಗೆ ಮೂರು ಗಂಟೆಯ ದಾರಿ.

ಜಫ್ರ್‌ನಾಚೆ ಗುಡಾರ ಹಾಕಿಕೊಂಡಿದ್ದ ಕುರಿಗಾಹಿ ಹಾಯೆಲ್. ಅವನ ಹೆಂಡತಿ ವದ್‌ಹಾ. ಮೊದಲಿನ ಇಬ್ಬರು ಹೆಣ್ಣುಮಕ್ಕಳು ಒಂದೇ ರೀತಿ ಹೋಗಿದ್ದರು: ಕೈಗಳು ಸೋತವು, ಕಿವಿ ಹೋಯಿತು, ಆಮೇಲೆ ಉಸಿರು. ಮೂರನೆಯವಳು ಸಬಾ, ಐದು ವರ್ಷ. ಅವಳ ಕೈಯೂ ಲೋಟ ಎತ್ತಲಾರದೆ ನಡುಗತೊಡಗಿತ್ತು. ಡಿಎನ್‌ಎ ಪುಸ್ತಕವನ್ನು ಎರಡು ಸಲ ಓದಿಯಾಗಿತ್ತು, ತಪ್ಪು ಕಂಡಿರಲಿಲ್ಲ. ಕೊನೆಗೆ ಚೀಟಿ ಓದೋಣ ಅಂತಾಯಿತು.

ಆಗಸ್ಟ್‌ನಲ್ಲಿ ಮಿಫ್ಲಿಹ್ ಹೋದ. ರಕ್ತ ತೆಗೆದು ಪೆಟ್ಟಿಗೆಯಲ್ಲಿಟ್ಟು ಎದ್ದರೆ, ಹಾಯೆಲ್ ಅಡ್ಡ ನಿಂತ. ತನ್ನ ಮಗಳಿಗಾಗಿ ಅಮ್ಮಾನಿನಿಂದ ಬಂದವನಿಗೆ ಅವನು ಕುರಿಮರಿ ಕಡಿದಿದ್ದ.

"ಊಟ ಮಾಡ್ದೆ ಹೊರಟೀಯಾ? ನೀನೇನು ಪೋಸ್ಟ್‌ಮ್ಯಾನಾ?"

"ರಕ್ತ ಕೆಡ್ತದೆ ಅಣ್ಣ, ಇನ್ನೊಂದಿನ ಬರ್ತೀನಿ."

"ನೀನು ಉಣ್ಣದೆ ಈ ಹೊಸ್ತಿಲು ದಾಟಿದ್ರೆ ನನ್ನ ಹೆಂಡ್ತಿಗೆ ತಲಾಖ್!"

ಹಾಕಿಯೇಬಿಟ್ಟ ಆಣೆ. ನಮ್ಮ ಗಂಡಸರಿಗೆ ಅತಿಥಿಯನ್ನು ಕೂರಿಸಲು ಬೇರೆ ಮಾತೇ ಸಿಗುವುದಿಲ್ಲ. ಕುರಿ ಬೇಯುವುದರಲ್ಲಿದ್ದರೂ ಹೆಂಡತಿಯನ್ನು ಪಣಕ್ಕಿಡಬೇಕು. ಈ ಸತ್ಕಾರಕ್ಕೆ ಬೆಂಕಿ ಬೀಳಲಿ ಅಂತ ನಾನು ಎಷ್ಟು ಸಲ ಶಪಿಸಿದ್ದೇನೋ. ಮಿಫ್ಲಿಹ್ ಕೂಡ ದಕ್ಷಿಣದವನೇ, ಒಬ್ಬ ಹೆಣ್ಣುಮಗಳ ಸಂಸಾರ ತನ್ನ ಕಾಲ ಮೇಲೆ ನಿಂತಿರುವಾಗ ಅವನು ಕಾಲು ಎತ್ತಲಾರ. ಕೂತ. ಮೂರು ಬಟ್ಟಲು ಕಾಫಿ, ತಟ್ಟೆ ತುಂಬ ಮಾಂಸದ ಅನ್ನ, ಮೇಲೆ ಟೀ. ಸ್ವಲ್ಪ ಹೊತ್ತಿಗೆ ಏನಾಗುತ್ತದೆ ಅಂದುಕೊಂಡ. ನನ್ನ ಮೇಜಿಗೆ ಬಂದಾಗ ರಕ್ತ ತೆಗೆದು ಎಂಟು ಗಂಟೆ ಕಳೆದಿತ್ತು, ಪೆಟ್ಟಿಗೆಯಲ್ಲಿ ನೀರು ತುಳುಕುತ್ತಿತ್ತು.

"ಎಷ್ಟು ಬಂತು?" ಮರುದಿನ ಬಾಗಿಲಲ್ಲೇ ನಿಂತು ಕೇಳಿದ.

"ಹತ್ತಕ್ಕೆ ಎರಡು."

ಅವನ ಕೆಲಸ ಹೋಗಬಾರದೆಂದು ನಾನೇ ಆ ಮನೆಗೆ ಕಾಗದ ಬರೆದೆ: "ಮಾದರಿ ಸಾಲದು, ಮತ್ತೊಮ್ಮೆ ಬೇಕು." ಸುಳ್ಳು ಅನ್ನಲಾಗದಂಥ ಸುಳ್ಳು. ಈಗಲೂ ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ಕಾಗದ ಮುಟ್ಟುವ ಹೊತ್ತಿಗೆ ಹಾಯೆಲ್ ಕುರಿಗಳನ್ನು ಹೊಡೆದುಕೊಂಡು ಫೋನೂ ಸಿಗದ ಕಡೆ ಹೋಗಿದ್ದ. ಚಳಿಗಾಲ ಪೂರ್ತಿ ಮಿಫ್ಲಿಹ್ ದಕ್ಷಿಣದಿಂದ ಬಂದವರನ್ನೆಲ್ಲ ಅವನ ಗುಡಾರ ಎಲ್ಲಿ ಅಂತ ವಿಚಾರಿಸುತ್ತಿದ್ದ. ಆವತ್ತಿನಿಂದ ರಕ್ತ ತೆಗೆದ ಮನೆಯಲ್ಲಿ ಒಂದು ಹನಿಯನ್ನೂ ಕುಡಿಯಲಿಲ್ಲ. "ಅಬು ಸಲ್ಜ್‌ಗೆ ಮೈಯೆಲ್ಲ ಮಂಜೇ" ಅಂತ ಜನ ಬೈದರು. ಬೈಸಿಕೊಂಡ.

ಏಪ್ರಿಲ್‌ನಲ್ಲಿ ಗುಡಾರ ಮತ್ತೆ ಜಫ್ರ್‌ಗೆ ಬಂತು. ಮಿಫ್ಲಿಹ್ ಹೋದಾಗ ಸಬಾ ತಾಯಿಯ ಮಡಿಲಿಗೊರಗಿ ಕೂತಿದ್ದಳು. ಅವನು ಹೆಸರು ಹಿಡಿದು ಕರೆದ. ತಿರುಗಲಿಲ್ಲ.

"ಫೆಬ್ರವರಿಯಿಂದ ಅವಳಿಗೆ ಕೇಳಿಸಲ್ಲ," ಅಂದಳು ವದ್‌ಹಾ.

ಹಾಯೆಲ್ ಕಾಫಿ ಬಗ್ಗಿಸಿ ಕೊಟ್ಟ. "ಅತಿಥಿಯಾಗಿ ಬಂದಿದ್ರೆ ಕೂತ್ಕೋ. ಸೂಜಿ ಹಿಡ್ಕೊಂಡು ಬಂದಿದ್ರೆ ಹೋಗು. ಆ ಇಬ್ಬರಿಗೂ ಕೊನೇ ದಿನದವರೆಗೂ ಚುಚ್ಚಿದ್ರು, ಏನು ಸಿಕ್ತು? ಇವಳನ್ನ ಮುಟ್ಟೋಕೆ ಬಿಡಲ್ಲ."

ಮಿಫ್ಲಿಹ್ ಬಟ್ಟಲನ್ನು ಬಾಯಿಗಿಡದೆ ನೆಲಕ್ಕಿಟ್ಟ. ಮನೆಯ ಯಜಮಾನನ ಹತ್ತಿರ ಏನನ್ನಾದರೂ ಬೇಡಲು ಬಂದವನು ಹಾಗೆ ಇಡುತ್ತಾನೆ. ಯಜಮಾನ "ಕುಡಿ" ಅಂದರೆ ಕೇಳಿದ್ದನ್ನು ಕೊಟ್ಟ ಹಾಗೆ. ಅನ್ನದೆ ಕಳಿಸಿದರೆ ಆ ಮನೆಯ ಮಾನ ಹೋದ ಹಾಗೆ.

ಹಾಯೆಲ್ ಆ ಬಟ್ಟಲನ್ನೇ ನೋಡಿದ. "ಇದನ್ನ ಮಾಡಬಾರದಿತ್ತು ನೀನು."

"ಕುಡಿ ಅನ್ನೋಕೆ ಮೊದಲು ಪೂರ್ತಿ ಕೇಳು. ಹೋದ ಸಲದ ರಕ್ತ ಸಾಲಲಿಲ್ಲ ಅಂತ ಕಾಗದದಲ್ಲಿ ಬರೆದದ್ದು ಸುಳ್ಳು. ನಾನು ಕೆಡಿಸಿದ್ದು. ನಿನ್ನ ಊಟಕ್ಕೆ ಕೂತೆ, ಮಂಜು ಕರಗ್ತು. ಎಂಟು ತಿಂಗಳು ಹೋಯ್ತು."

ವದ್‌ಹಾ ತಲೆಬಟ್ಟೆಯ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ಹಾಯೆಲ್ ಒಲೆಯ ಬೂದಿ ಕೆದಕಿದ.

"ಆಣೆ ಹಾಕಿ ಕೂರಿಸಿದ್ದು ನಾನು," ಅಂದ. "ಕುಡಿ."

ಆದರೆ ಕುಡಿಯುತ್ತಾ ಕೂರುವಂತಿರಲಿಲ್ಲ. ರಕ್ತ ತೆಗೆದ, ಪೆಟ್ಟಿಗೆ ಮುಚ್ಚಿದ, ಎದ್ದ. ಈ ಸಲ ಹಾಯೆಲ್ ಆಣೆ ಹಾಕಲಿಲ್ಲ. ತಾನೇ ಗುಡಾರದ ಪರದೆ ಎತ್ತಿ ಹಿಡಿದು ನಿಂತ. ತುಂಬಿದ ಬಟ್ಟಲು ಹಿಂದೆಯೇ ಉಳಿಯಿತು.

ಎಂಟೂವರೆ ಬಂತು ಅಂಕ. ಯಂತ್ರ ಓದಿತು, ನಾವು ಮೂರು ವಾರ ಕೂತು ಹುಡುಕಿದೆವು. ಒಂದು ಚೀಟಿಯಲ್ಲಿ ಇರಬಾರದ ಸಾಲೊಂದು ನಡುವೆ ಸೇರಿಕೊಂಡಿತ್ತು. ಪುಸ್ತಕದಲ್ಲಿ ನಾವೆಲ್ಲ ಬೇಡದ್ದೆಂದು ಹಾರಿಸಿ ಓದುವ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು, ಅದರಿಂದ ಆ ಬೇಡದ ಸಾಲು ನಕಲಿಗೆ ನುಗ್ಗುತ್ತಿತ್ತು. ಅಷ್ಟಕ್ಕೇ ಮಗುವಿನ ಮೈಗೆ ಊಟದಲ್ಲಿನ ಒಂದು ವಿಟಮಿನ್ ಹತ್ತುತ್ತಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಅಂತ ನಗುತ್ತಾರೆ. ನಮಗೆ ಬೇಕಾಗಿದ್ದೇ ಆ ಇಲಿ. ವೈದ್ಯರು ಬರೆದುಕೊಟ್ಟದ್ದು ಹಳದಿ ಮಾತ್ರೆ, ಯಾವ ಔಷಧಿ ಅಂಗಡಿಯಲ್ಲೂ ಸಿಗುವಂಥದ್ದು, ದೊಡ್ಡ ಪ್ರಮಾಣದಲ್ಲಿ. ಮೊದಲಿನ ಇಬ್ಬರು ಹುಡುಗಿಯರು ಸಾಯುವಾಗಲೂ ಅದು ಅಂಗಡಿಯಲ್ಲಿತ್ತು.

ವರ್ಷ ಕಳೆದ ಮೇಲೆ ಮಿಫ್ಲಿಹ್ ಬರೀ ನೋಡಿಕೊಂಡು ಬರಲು ಹೋದ, ಪೆಟ್ಟಿಗೆ ಇಲ್ಲದೆ. ಬಂದು ನನ್ನ ಮೇಜಿನ ಪಕ್ಕ ಕೂತು ಮಂಡಿ ಉಜ್ಜಿಕೊಂಡ.

"ಕಾಫಿ ತಂದುಕೊಟ್ಟಿದ್ದು ಸಬಾನೇ, ನುಹಾದ್. ಎರಡೂ ಕೈಯಲ್ಲಿ ಹಿಡ್ಕೊಂಡು. ಚೆಲ್ಲಲಿಲ್ಲ."

"ಕಿವಿ?"

"ಹೋದ ಕಿವಿ ಬರಲ್ಲ ಅಂದ್ರಂತೆ ಡಾಕ್ಟ್ರು. ಮೊದಲೇ ಕೊಟ್ಟಿದ್ರೆ ಉಳೀತಿತ್ತೇನೋ." ಬಾಯಲ್ಲಿದ್ದ ಸಿಪ್ಪೆ ಕೈಗೆ ಉಗುಳಿದ. "ಬಟ್ಟಲು ಕೆಳಗಿಟ್ಟೆ. ಹಾಯೆಲ್ ಕೇಳ್ದ, ಇನ್ನೇನಪ್ಪ ನಿನ್ನ ಬೇಡಿಕೆ ಅಂತ. ಕ್ಷಮಿಸು ಅಂದೆ. ಅದನ್ನ ಕೊಡೋಕೆ ನಾನ್ಯಾರು, ಕಿವಿ ಕಳ್ಕೊಂಡವಳನ್ನ ಕೇಳು ಅಂದ. ಹೆಂಗೆ ಕೇಳ್ಲಿ ಹೇಳು? ಕೇಳಿಸ್ಬೇಕಲ್ಲ."

ನಾನು ಕೈಯಲ್ಲಿದ್ದ ಕೊಳವೆಯನ್ನು ಮೇಜಿನ ಮೇಲಿಟ್ಟೆ.

"ಹಂಗೇ ತಲೆ ತಗ್ಗಿಸಿ ಕೂತಿದ್ದೆ. ಬಟ್ಟಲು ನೆಲದ ಮೇಲಿದ್ದದ್ದು ಅವಳ ಕಣ್ಣಿಗೆ ಬಿತ್ತು. ಗುಡಾರದಲ್ಲಿ ಹುಟ್ಟಿದ ಮಗು, ಹಂಗಂದ್ರೆ ಏನು ಅಂತ ಗೊತ್ತಿಲ್ವಾ? ಬಂದು ಬಟ್ಟಲು ಎತ್ತಿ ನನ್ನ ಕೈಗಿಟ್ಟಳು. ಇಟ್ಟು, ಹಿಂಗೆ ಗಲ್ಲ ಎತ್ತಿ ತೋರಿಸಿದಳು. ಕುಡಿ ಅಂತ."

"ಕುಡಿದ್ಯಾ?"

"ಕುಡಿದೆ," ಅಂದ ಮಿಫ್ಲಿಹ್. "ತಣ್ಣಗಾಗಿತ್ತು."