ಕಮಿಟಿ ಬೆಳೆಸಿದ ಅಣ್ಣೆ ಸೊಪ್ಪು

ಕಳೆದ ಸೋಮವಾರ ನಾನೊಂದು ಸುಳ್ಳು ಹೇಳಿದೆ. ಒಂದೇ ಮಾತಿನ ಸುಳ್ಳು.

ಯಾರಿಗೆ? ಮುನಿಯಮ್ಮನಿಗೆ. ನಮ್ಮ ಶ್ರೀನಿವಾಸಪುರದಲ್ಲಿ ಕೂಲಿ ಮಾಡಿ, ಸಂಜೆ ಸೆರಗಿನಲ್ಲಿ ಸೊಪ್ಪು ಕಟ್ಟಿಕೊಂಡು ಮನೆಗೆ ಹೋಗುವ ಹೆಂಗಸು. ಪ್ರಯಾಣಿಕರು ತಂಗುವ ಮುಸಾಫಿರಖಾನೆ ಪಕ್ಕದ ಬಯಲಿನಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ತಾವಾಗಿ ಹುಟ್ಟುತ್ತಿದ್ದವು. ಎಲ್ಲ ಬೆರೆಸಿ ಬೇಯಿಸಿದರೆ ಅವಳ ಮನೆಯ ಮುದ್ದೆಗೆ ಸಾರಾಗುತ್ತಿತ್ತು.

ಅಷ್ಟರಲ್ಲಿ ಯುದ್ಧ ಬಂತು, ರಾಗಿಗೂ ಕ್ಯೂ ಬಂತು, ಹೆಚ್ಚು ಆಹಾರ ಬೆಳೆಯಿರೆಂಬ ಸರ್ಕಾರದ ಸುತ್ತೋಲೆ ಬಂತು. ಆ ಬಯಲಿನಲ್ಲೇ ಊರಿಗೆಲ್ಲ ಸೇರಿದ ತೋಟ ಮಾಡೋಣವೆಂದು ಕಮಿಟಿಯೂ ಹುಟ್ಟಿತು. (ಕಾರ್ಯದರ್ಶಿ: ಈ ನಿಮ್ಮ ಸೇವಕ.)

ಸುಲಭವಾಗಿ ಬೆಳೆಯುವುದು ಯಾವುದು? ಎರಡು ಗಂಟೆ ಚರ್ಚೆ, ಮೂರು ಸಲ ಕಾಫಿ. ಬಾಗಿಲಲ್ಲಿ ನಿಂತಿದ್ದ ಮುನಿಯಮ್ಮ, "ಅಲ್ಲೇ ಸೊಪ್ಪು ಬೆಳ್ದೈತಲ್ಲ ಸಾಮಿ, ನೀರೂ ಕೇಳಲ್ಲ" ಅಂದಳು. ಎಲ್ಲರೂ ನಕ್ಕೆವು.

"ಅದು ಕಳೆ ಕಣಮ್ಮ, ಹೋಗು" ಎಂದು ಅಧ್ಯಕ್ಷರು ಬೀಜದ ಕ್ಯಾಟಲಾಗು ತಿರುವಿ ಎಲೆಕೋಸು, ನವಿಲುಕೋಸು, ಬೀಟ್‌ರೂಟು ಆರಿಸಿದರು. ಕಳೆಯನ್ನೆಲ್ಲ ಬುಡಸಮೇತ ಕೀಳಿಸಿ, ಬೇಲಿ ಹಾಕಿಸಿ, ಗೇಟೂ ಇಡಿಸಿದೆವು.

ಕೋಸು ಏನಾಯಿತು ಅಂತೀರಾ? ಬೇಸಗೆಗೆ ಬಾವಿ ಬತ್ತಿತು, ಕೋಸು ಒಣಗಿತು. ಹೋದ ತಿಂಗಳು ನಾಲ್ಕು ಹನಿ ಮಳೆ ಬಿದ್ದದ್ದೇ ತಡ, ಪಾತಿ ತುಂಬ ಅಣ್ಣೆ ಸೊಪ್ಪು! ಕಿತ್ತಷ್ಟೂ ಬರುವ ಹಠಮಾರಿ ಜಾತಿ. ಅದೇ ಸಮಯಕ್ಕೆ ದೊಡ್ಡ ಸಾಹೇಬರು ತೋಟ ನೋಡಲು ಬರುತ್ತಾರೆಂದು ಕಾಗದ ಬಂತು. ತೋರಿಸಲು ನಮ್ಮಲ್ಲಿದ್ದ ಹಸಿರು ಅದೊಂದೇ.

ಸೋಮವಾರ ಸಂಜೆ ಸೊಪ್ಪು ಕಂಡು ಆಸೆಯಿಂದ ಬಂದ ಮುನಿಯಮ್ಮನನ್ನು ಗೇಟಿನಲ್ಲೇ ತಡೆದೆ.

"ಇವತ್ತು ಕೀಳಬೇಡಮ್ಮ, ಸಾಹೇಬ್ರು ಬರ್ತಾ ಇದಾರೆ."

"ಇದು ನೀವು ಹಾಕಿದ್ದಾ ಸಾಮಿ?"

"ಹೌದು."

"ಅಂಗಾದ್ರೆ ಬಿಡಿ. ಇವತ್ತು ಉಪ್ಪುನೀರಿಗೇ ಮುದ್ದೆ" ಎಂದು ಪಕ್ಕಕ್ಕೆ ಸರಿದು ನಿಂತಳು. ಬಾಯಿಗೆ ಬಂದಂತೆ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಾಹೇಬರು ಬಂದರು. ಹಸಿರು ನೋಡಿ ತಲೆದೂಗಿದರು. "ಇದನ್ನ ಯಾರು ತಿಂತಾರೆ?"

"ಬಡವರು ಸಾರ್" ಎಂದು ಅಧ್ಯಕ್ಷರು ಎದೆಯುಬ್ಬಿಸಿದರು. "ಸುಲಭವಾಗಿ ಬೆಳೆಯುತ್ತೆ ಅಂತ ನಾವೇ ಆರಿಸಿದ್ದು. ಅವರಿಗೋಸ್ಕರವೇ ಬೆಳೆಸಿದ್ದೀವಿ."

ಸಾಹೇಬರು ಭೇಷ್ ಅಂದರು. ನಾನು ಅಷ್ಟನ್ನೂ ರಿಪೋರ್ಟಿನಲ್ಲಿ ದುಂಡಗೆ ಬರೆದುಕೊಟ್ಟೆ. ಥೂ, ನನ್ನ ಜನ್ಮಕ್ಕೆ!

ಬಡವರಿಗೋಸ್ಕರವೇ ಬೆಳೆಸಿದ್ದಂತೆ, ಹಾಗಾದರೆ ಖಾಲಿ ಸೆರಗು ಹಿಡಿದು ಗೇಟಿನಾಚೆ ನಿಂತಿದ್ದವಳು ಯಾರು?