ಗುರುವಾರದ ಲೋಬಾನ

ಮಸ್ಕಿಯ ನಮ್ಮ ಮನೆಗೂ ನಾವು ಖಾಲಾ ಎಂದು ಕರೆಯುವ ಪಕ್ಕದ ಮುಸ್ಲಿಂ ಹಿರಿಯಾಕೆಯ ಮನೆಗೂ ನಡುವೆ ಎದೆಮಟ್ಟದ ಗೋಡೆ. ಗುರುವಾರ ಸಂಜೆ ಖಾಲಾ ಕೆಂಡದ ಮೇಲೆ ಲೋಬಾನದ ಧೂಪ ಹಾಕಿದರೆ ಅದರ ಘಮ ನಮ್ಮ ಅಡುಗೆಮನೆಗೂ ಬರುತ್ತಿತ್ತು. ಬಂತ್ರೀ ಖಾಲಾ ಎಂದು ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು. ಒಮ್ಮೆ ಅವ್ವನಿಗೆ ಜ್ವರ ಬಂದುಹೋದ ನಂತರ ಆ ಕೂಗು ನಿಂತಿತು. ವಯಸ್ಸಾಯಿತು, ಕೂಗುವ ಉಮೇದಿಲ್ಲ ಅಂದುಕೊಂಡೆ.

ಒಂದು ಗುರುವಾರ ಲಿಂಗಸುಗೂರಿನ ಕೆಲಸ ಮುಗಿಸಿ ಬಂದು ಒಳಗೆ ಕಾಲಿಡುವಷ್ಟರಲ್ಲಿ ಕೊಳೆತ ನಾತ ಮೂಗಿಗೆ ಹೊಡೆಯಿತು. ಹಾಲು ಉಕ್ಕಿ ಒಲೆ ಆರಿತ್ತು, ಗ್ಯಾಸು ಸೋರುತ್ತಲೇ ಇತ್ತು. ಅಲ್ಲೇ ಪಕ್ಕದಲ್ಲಿ ಅವ್ವ ದೇವರ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಹಿಡಿದು ಕೂತಿದ್ದಳು.

"ಅವ್ವಾ, ಗೀರಬ್ಯಾಡ."

ಅವಳನ್ನು ಅಂಗಳಕ್ಕೆ ಕಳಿಸಿ, ಒಲೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದೆ. ಲೈಟಿನ ಸ್ವಿಚ್ ಮುಟ್ಟಲಿಲ್ಲ. ಈ ಗ್ಯಾಸು ಗಾಳಿಗಿಂತ ಭಾರ, ನೆಲ ಹಿಡಿದು ನಿಲ್ಲುತ್ತದೆ. ನಮ್ಮ ಅಡುಗೆಮನೆಯ ಹೊಸ್ತಿಲು ಬೇರೆ ಎತ್ತರ, ಬೇಗ ಹೊರಗೆ ಹೋಗುವುದಿಲ್ಲ. ಗೋಡೆಯಾಚೆಯ ಖಾಲಾಗೆ ವಿಷಯ ಹೇಳಿದೆ. ಆಗಷ್ಟೇ ಲೋಬಾನ ಹಾಕಿದ್ದ ಕೆಂಡಕ್ಕೆ ಅವರು ಕೂಡಲೇ ನೀರು ಸುರಿದರು.

ಅವ್ವ ತಲೆ ತಗ್ಗಿಸಿ ಕೂತಿದ್ದಳು.

"ಜ್ವರ ಬಂದಾಗಿಂದ ಯಾವ ವಾಸನಿನೂ ಬರವಲ್ದು. ಹೇಳಿದ್ರ ನೀ ಒಲಿ ಮುಟ್ಟಗೊಡಂಗಿಲ್ಲ ಅಂತ ಸುಮ್ಮನಿದ್ದೆ."

ನನಗೆ ಸಿಟ್ಟೂ ಬಂತು, ಮರುಕವೂ ಆಯಿತು. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದೇ ಆ ನಾತ ಬೆರೆಸಿರುತ್ತಾರೆ. ಸಾರಿನ ಹದವನ್ನು ಮೂಗಿನಿಂದಲೇ ಹೇಳುತ್ತಿದ್ದ ಅವ್ವನಿಗೆ ಅದೂ ತಿಳಿಯದಾಗಿತ್ತು. ನಾಳೆಯಿಂದ ಅಡುಗೆ ನನ್ನದೇ ಎಂದುಬಿಟ್ಟೆ. ಆ ದಿನ ಅವ್ವ ಊಟಕ್ಕೆ ಏಳಲಿಲ್ಲ.

ಮರುದಿನ ಖಾಲಾ ಬಂದು ನನ್ನನ್ನೇ ಗದರಿದರು. ಒಲೆ ಕಸಿದುಕೊಂಡರೆ ಆಕೆ ಗೋಡೆ ನೋಡುತ್ತ ಕೂಡಬೇಕೇನು, ತಮ್ಮ ಮೂಗು ಇನ್ನೂ ಗಟ್ಟಿ ಇದೆ ಎಂದರು. ಅಂದಿನಿಂದ ಒಂದು ಕರಾರು. ಹಾಲಿಟ್ಟರೆ ಅವ್ವ ಒಲೆ ಬಿಟ್ಟು ಏಳುವಂತಿಲ್ಲ, ಕೆಲಸ ಮುಗಿದೊಡನೆ ರೆಗ್ಯುಲೇಟರ್ ಬಂದ್. ಒಲೆ ಹಚ್ಚುವ ಮೊದಲು ಖಾಲಾ ಬಂದು, ಮೊಣಕಾಲು ಹಿಡಿದುಕೊಂಡು ನೆಲದತ್ತ ಬಾಗಿ ಮೂಸಿ, ಹಚ್ಚಿರಿ ಅನ್ನಬೇಕು. ಸಾರು ಏನೆಂದು ನೋಡಲು ಬರುತ್ತಾರೆ ಅಷ್ಟೇ ಎಂದು ಅವ್ವ ಚೇಷ್ಟೆ ಮಾಡುತ್ತಾಳೆ. ಒಂದು ಬಟ್ಟಲು ಸಾರು ದಿನವೂ ಗೋಡೆ ದಾಟುತ್ತದೆ.

ಗುರುವಾರ ಈಗ ಖಾಲಾನೇ ಮೊದಲು ಕೂಗುತ್ತಾರೆ.

"ಅಕ್ಕಾರ, ಲೋಬಾನ ಹಾಕೀನ್ರಿ. ಬಂತೇನ್ರಿ?"

ಅವ್ವ ಸೆರಗು ಸರಿಮಾಡಿಕೊಂಡು, ಏನೂ ಸಿಗದ ಉಸಿರನ್ನು ಉದ್ದಕ್ಕೆ ಎಳೆದುಕೊಂಡು ಹೇಳುತ್ತಾಳೆ:

"ಬಂತ್ರೀ ಖಾಲಾ."