ಹಂಪಣ್ಣನ ಮೂಗು ಕಂಡ ಕಡಲ ಕುರಿ

ಮಕ್ತಲದ ಉಣ್ಣೆ ವ್ಯಾಪಾರಿ ಹಂಪಣ್ಣನಿಗೆ ದೇವರು ಕಣ್ಣು, ಕಿವಿ ಎರಡೂ ಕೊಟ್ಟಿದ್ದ. ಅವನು ನಂಬಿದ್ದು ಮೂಗನ್ನು ಮಾತ್ರ. ನಿಜಾಮರ ಕಾಲದಲ್ಲಿ ಗುಂಡುಮಾಲಿನಿಂದ ಕೃಷ್ಣಾವರೆಗಿನ ಕುರುಬರೆಲ್ಲ ಉಣ್ಣೆ ಹೊತ್ತು ಅವನ ಕಟ್ಟೆಗೇ ಬರಬೇಕು. ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದು ಮೂಸುತ್ತಿದ್ದ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಇಲ್ಲದಿದ್ದರೆ ಹತ್ತಿ ಬೆರೆಸಿದ್ದಾರೆ ಎಂದು ತಿಳಿಯಬಹುದು, ಅಷ್ಟೇ. ಈ ಮಹಾನುಭಾವ ಅದೇ ಹೊಗೆಯಲ್ಲಿ ದರ್ಜೆಯನ್ನೂ ಕಾಣುತ್ತಿದ್ದ! ಮೊದಲನೆಯದು ಅವ್ವಲ್, ಮೂರನೆಯದು, ಕಡಿಮೆ ಬೆಲೆಯದು, ಸೋಯಂ. ಕುರುಬರ ಬೀರಯ್ಯ ಕುರಿಗಳನ್ನು ಹೊಳೆಯಲ್ಲಿ ತೊಳೆದು ಉಣ್ಣೆ ಕತ್ತರಿಸಿ ತಂದರೂ ನಾಲ್ಕು ವರ್ಷದಿಂದ ಸೋಯಂ. ಆ ಮೂಗಿಗೆ ಒಂದು ನೆಗಡಿಯಾದರೂ ಬರಬಾರದೇ ಎಂದು ಕಥೆ ಹೇಳುವ ನನಗೇ ಅನಿಸುತ್ತದೆ.

ಈ ಸಲವೂ ಸೋಯಂ ಆದರೆ ಕುರಿ ಮಾರಿ ಕೂಲಿಗೆ ಹೋಗೋಣ ಎಂದು ಬೀರಯ್ಯನ ಹೆಂಡತಿ ಹುಸೇನಮ್ಮ ಹೇಳಿಯೇ ಬಂದಿದ್ದಳು. ಹಂಪಣ್ಣ ಮೂಸಿದ. "ಸೋಯಂ."

ಅಷ್ಟರಲ್ಲಿ ರಾಮೇಶ್ವರಕ್ಕೆ ಹೋಗಿದ್ದ ಜಂಗಮ ಕರಿಬಸಯ್ಯನವರು ಬಂದು, ತೂತು ತೂತಾದ ಹಳದಿ ಉಂಡೆಯೊಂದನ್ನು ಕಟ್ಟೆಯ ಮೇಲಿಟ್ಟರು.

"ಸಮುದ್ರದ ದಂಡಿಗೆ ಸಿಕ್ತು, ಹಂಪಣ್ಣ. ಸ್ಪಂಜು ಅಂತಾರ. ಇದೂ ಒಂದು ಜೀವನಂತ. ಸಣ್ಣ ತೂತಿಂದ ನೀರು ಎಳಕೊಂಡು ದೊಡ್ಡ ತೂತಿಂದ ಬಿಡತಿತ್ತಂತ. ಸತ್ತ ಮ್ಯಾಲ ಈ ಜಾಲರಿ ಅಷ್ಟ ಉಳಿತೈತಿ."

"ಕಣ್ಣಿಲ್ಲ, ಬಾಯಿಲ್ಲ, ಜೀವ ಎಲ್ಲೀದ್ರೀ ಅಯ್ಯಾರ? ಮೀನ ಹಿಡಿಯೋರಿಗೆ ಏನು ಗೊತ್ತೈತಿ!" ಎಂದು ಹಂಪಣ್ಣ ಚೂರು ಕಿತ್ತು ಸುಟ್ಟ. ಕೂದಲು ಸುಟ್ಟ ವಾಸನೆಯೇ ಬಂತು. ಸ್ಪಂಜು ಸುಟ್ಟರೂ ಹಾಗೇ ನಾರುತ್ತದೆ. ಪಾಪ, ಅದು ಮೂಗಿಗೆ ಹೇಗೆ ಗೊತ್ತಾಗಬೇಕು?

"ಉಣ್ಣೆ! ಕಡಲ ಕುರಿ ಉಣ್ಣೆ! ಅವ್ವಲ್!"

ಹುಸೇನಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ನೂಲುವ ಕದಿರು ತೆಗೆದಳು. "ಹೌದ್ರೀ ಸಾವ್ಕಾರ್ರ? ಒಂದು ಎಳಿ ಹಿಂಜಿ ಕೊಡ್ರಿ, ಇಲ್ಲೇ ನೂಲ್ತೀನಿ."

ಹಂಪಣ್ಣ ಎಳೆದ. ಎಳೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದವು, ಬಿಡಿ ತುದಿಯೇ ಇಲ್ಲ. ಪುಡಿ ಉದುರಿತು. "ಒಣಗೈತಿ" ಎಂದು ಉಂಡೆಯನ್ನು ತಂಬಿಗೆಯ ನೀರಿಗೆ ಅದ್ದಿದ. ಅದು ನೀರೆಲ್ಲ ಕುಡಿದು ಉಬ್ಬಿತು. ಹಿಂಡಿದರೆ ಅಷ್ಟೂ ನೀರು ಅವನ ಧೋತರಕ್ಕೇ ಸುರಿಯಿತು. ಕುರುಬರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಹುಸೇನಮ್ಮ ನಗಲಿಲ್ಲ. "ಕುರಿನ ಇಲ್ಲದ್ದಕ್ಕ ಅವ್ವಲ್, ನಮ್ಮ ಕುರಿಗೆ ಸೋಯಂ. ನಾಕು ವರ್ಷ ಈ ಮೂಗಿಗೆ ಹೆದರಿದ್ವಲ್ಲ, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ಗಂಡನ ತಲೆಗೆ ಗಂಟು ಎತ್ತಿಕೊಟ್ಟಳು. ಅವರ ಹಿಂದೆ ಒಬ್ಬೊಬ್ಬರೇ ಎದ್ದು ಗಂಟು ಹೊತ್ತು ಗದ್ವಾಲದ ಸಂತೆಯ ದಾರಿ ಹಿಡಿದರು.

ಕರಿಬಸಯ್ಯನವರೊಬ್ಬರನ್ನು ಬಿಟ್ಟು ಕಟ್ಟೆ ಖಾಲಿಯಾಯಿತು. ಹಂಪಣ್ಣ ಸ್ಪಂಜನ್ನು ಇನ್ನೊಮ್ಮೆ ಮೂಸಿ ಕೇಳಿದ:

"ಅಯ್ಯಾರ, ಈ ಕಡಲ ಕುರಿ ಕಾಯೋ ಮಂದಿ ಎಲ್ಲಿರ್ತಾರ್ರೀ? ಅವರಿಗಾದರೂ ಬರಾಕ ಹೇಳ್ರಿ."